ದುಗ್ಗಮ್ಮನ ಮೊಟ್ಟೆಗಳು ಮತ್ತು ಕಡಲ ವಿದ್ಯಾಪೀಠ

ಕಡಲನ್ನು ಅಷ್ಟು ದೊಡ್ಡದಾಗಿಯೂ ಏಡಿಮರಿಯನ್ನು ಇಷ್ಟು ಪುಟ್ಟದಾಗಿಯೂ ಮಾಡಿ, ಎರಡನ್ನೂ ಒಂದೇ ಪ್ರೀತಿಯಿಂದ ಕಾಯುವ ಭಗವಂತನಿಗೆ ಮೊದಲ ನಮಸ್ಕಾರ. ಮಕ್ಕಳೇ, ನೀವೂ ಕೈಮುಗಿಯಿರಿ. ಇನ್ನು ಕಥೆ.

ಒಂದು ಕಾಡಿನಲ್ಲಿ ಬಸವಯ್ಯನೆಂಬ ಆನೆ ಯಜಮಾನನಾಗಿದ್ದ. ಆ ಕಾಡಿನ ಅಂಚು ಕಡಲಿಗೆ ತಾಗುತ್ತಿತ್ತು. ಆದರೂ ಕಾಡಿನ ಮರಿಗಳಿಗೆ ಕಡಲಿನ ವಿಷಯ ಒಂದೂ ತಿಳಿಯದು. ಅದಕ್ಕೇ ಬಸವಯ್ಯ ದಡದಲ್ಲಿ ಒಂದು ವಿದ್ಯಾಪೀಠ ಕಟ್ಟಿಸಬೇಕೆಂದ. ಮೀನು, ಹವಳ, ತೆರೆ, ಗಾಳಿ ಎಲ್ಲವನ್ನೂ ಅಲ್ಲಿ ಕಲಿಯಬಹುದು!

"ಕುಲಪತಿ ನಾನೇ ಆಗ್ತೀನಿ, ಯಜಮಾನ್ರೇ," ಎಂದು ಕೆಂಚಪ್ಪನೆಂಬ ನರಿ ಮುಂದೆ ಬಂದ. ಅವನು ಕಾಡಿನ ನಡುವೆ ಬೆಳೆದವನು. ಕಡಲನ್ನು ಕಂಡದ್ದು ಅಂದು ಬೆಳಿಗ್ಗೆಯೇ. ಆದರೆ ಮಾತಿಗೇನು ಬರವೇ?

ಆ ದಡದ ಮರಳಿನಲ್ಲಿ, ತೆರೆ ಮುಟ್ಟದಷ್ಟು ಮೇಲೆ, ದುಗ್ಗಮ್ಮನೆಂಬ ಕಡಲಾಮೆ ಮೊಟ್ಟೆ ಹೂತಿಟ್ಟಿದ್ದಳು. ಅವಳ ತಾಯಿ ಇಟ್ಟದ್ದೂ ಅಲ್ಲೇ. ವಿದ್ಯಾಪೀಠದ ಸುದ್ದಿ ಕೇಳಿ ಅವಳಿಗೆ ಸಂತೋಷವೇ ಆಯಿತು.

"ಅಣ್ಣಾ, ಆ ಕಲ್ಲುದಿಬ್ಬದ ಮೇಲೆ ಕಟ್ಟಿಸಿ. ಮರಳನ್ನು ಮಾತ್ರ ಅಗೆಯಬೇಡಿ, ನನ್ನ ಮರಿಗಳಿವೆ," ಎಂದು ಬಸವಯ್ಯನನ್ನು ಕೇಳಿಕೊಂಡಳು.

ಮೊಟ್ಟೆಯ ಮಾತು ಕೇಳಿ ಕೆಂಚಪ್ಪನ ಬಾಯಲ್ಲಿ ನೀರೂರಿತು.

"ದಿಬ್ಬ ಯಾಕಮ್ಮಾ? ಕೆಳಗೆ ನೋಡು, ಎಷ್ಟು ವಿಶಾಲವಾದ ಜಾಗ! ನನ್ನ ಕೊಠಡಿ ಅಲ್ಲೇ ಆಗಲಿ. ನಿನ್ನ ಮೊಟ್ಟೆಗಳನ್ನೂ ಅಲ್ಲಿಗೇ ತಂದಿಡು. ಸಂಶೋಧನೆಗೆ ಬೇಕು."

"ಯಾವ ಸಂಶೋಧನೆಯೋ? ರುಚಿಯದಾ?" ಎಂದಳು ಏಡಿ ಸೂರವ್ವ. ಎಲ್ಲರೂ ನಕ್ಕರು.

ಬಸವಯ್ಯ ಮಾತ್ರ ನಗಲಿಲ್ಲ. "ವಿದ್ಯೆಗೋಸ್ಕರ ತಾನೇ, ದುಗ್ಗಮ್ಮಾ? ಕೊಟ್ಟುಬಿಡು," ಎಂದ.

ದುಗ್ಗಮ್ಮ ಮೊಟ್ಟೆ ಹೂತಿಟ್ಟ ಮರಳಿನ ಕಡೆ ನೋಡಿದಳು. ಯಜಮಾನನ ಮಾತು ಮೀರುವಂತಿಲ್ಲ. ಮರಿಗಳನ್ನು ಕೊಡುವಂತೆಯೂ ಇಲ್ಲ. ಕಣ್ಣು ಮುಚ್ಚಿ, 'ದೇವರೇ, ನಿನ್ನ ಮಕ್ಕಳು, ನೀನೇ ದಾರಿ ತೋರಿಸು,' ಎಂದಳು. ಕಣ್ಣು ತೆರೆದಾಗ ಎದುರಿಗೆ ಕಡಲು ಕಂಡಿತು. ಅದು ಇಳಿತದ ಹೊತ್ತು. ನೀರು ದೂರ ಸರಿದು, ಒದ್ದೆ ಮರಳು ಮೈದಾನದಂತೆ ಹರಡಿತ್ತು. ಕೆಂಚಪ್ಪ ಬೆರಳು ಮಾಡಿದ್ದು ಅದನ್ನೇ!

"ಕೆಂಚಪ್ಪಾ, ಅದು ಕಡಲಿನ ಜಾಗ. ಉಬ್ಬರ ಬಂದರೆ ಅಲ್ಲಿ ನೀರು ತುಂಬುತ್ತದೆ," ಎಂದಳು ದುಗ್ಗಮ್ಮ.

"ಮೊಟ್ಟೆ ಉಳಿಸಿಕೊಳ್ಳೋಕೆ ಏನೆಲ್ಲಾ ಕಟ್ಟುಕಥೆ!"

"ಹಾಗಾದರೆ ಅಲ್ಲೇ ಒಂದು ಗುಡಿಸಲು ಕಟ್ಟಿಸಿಕೊಂಡು, ಸೂರ್ಯ ನೆತ್ತಿಗೆ ಬರುವವರೆಗೆ ಅದರಲ್ಲಿ ಕೂತಿರು. ಅದು ನಿಂತರೆ ಮೊಟ್ಟೆಗಳನ್ನು ನಾನೇ ತಂದುಕೊಡುತ್ತೇನೆ. ಹೆದರಬೇಡ, ಪಕ್ಕದಲ್ಲೇ ಇರುತ್ತೇನೆ."

ಬಸವಯ್ಯ ಒಪ್ಪಿದ. ಕೋತಿಗಳು ತೆಂಗಿನ ಗರಿ ತಂದು ಗುಡಿಸಲು ಕಟ್ಟಿದವು. ಕೆಂಚಪ್ಪ ಒಳಗೆ ಕಾಲುಮೇಲೆ ಕಾಲು ಹಾಕಿ ಕುಳಿತ. ಬೆಳಗಿನ ತಿಂಡಿಗೆ ಎಷ್ಟು ಮೊಟ್ಟೆ, ಊಟಕ್ಕೆ ಎಷ್ಟು ಎಂದು ಯೋಚಿಸುತ್ತಾ ತೂಕಡಿಸಿದ.

ನೀರು ಬಾಲ ಮುಟ್ಟಿತು. "ತೆರೆ, ಆಚೆ ಹೋಗು! ಒಳಗೆ ಕುಲಪತಿಗಳಿದ್ದಾರೆ!" ಎಂದು ಗದರಿದ. ತೆರೆ ಹೋಯಿತು. ತನ್ನ ಅಕ್ಕತಂಗಿಯರನ್ನೆಲ್ಲ ಕರೆದುಕೊಂಡು ಬಂತು. ಗುಡಿಸಲು ಒಂದು ಕಡೆ, ಕೆಂಚಪ್ಪ ಒಂದು ಕಡೆ!

"ಅಯ್ಯೋ, ಕುಲಪತಿಗಳು ತೇಲ್ತಿದ್ದಾರೆ!" ಎಂದು ಸೂರವ್ವ ದಿಬ್ಬದಿಂದ ಕೂಗಿದಳು.

"ಕಾಪಾಡು ದುಗ್ಗಮ್ಮಾ! ಸಂಶೋಧನೆ ಅಂದದ್ದು ಸುಳ್ಳು, ತಿನ್ನೋಕೆ ಕೇಳಿದೆ!"

ದುಗ್ಗಮ್ಮ ಈಜಿ ಬಂದು ಬೆನ್ನು ಕೊಟ್ಟಳು. ಕೆಂಚಪ್ಪ ಅದನ್ನು ತಬ್ಬಿಕೊಂಡು, ಉಪ್ಪುನೀರು ಉಗುಳುತ್ತಾ ದಡ ಸೇರಿದ. ಬಸವಯ್ಯ ತಲೆ ತಗ್ಗಿಸಿ, "ತಪ್ಪಾಯ್ತು ತಾಯಿ. ನಿನ್ನ ಮರಳು ನಿನ್ನದೇ," ಎಂದ.

ವಿದ್ಯಾಪೀಠ ಕಲ್ಲುದಿಬ್ಬದ ಮೇಲೆ ಎದ್ದಿತು. ದುಗ್ಗಮ್ಮನೇ ಗುರುವಾದಳು. ಉಬ್ಬರ ಇಳಿತದ ಪಾಠಕ್ಕೆ ಮೊದಲು ಸೇರಿಕೊಂಡವನು ಯಾರು? ನಮ್ಮ ಕೆಂಚಪ್ಪನೇ! ಒಂದು ನಸುಕಿನಲ್ಲಿ ಮರಳು ಮಿಸುಕಿತು. ಆಮೆಮರಿಗಳು ಒಂದರ ಹಿಂದೊಂದು ಕಡಲಿಗೆ ಓಡಿದವು. ಹದ್ದುಗಳು ಹತ್ತಿರ ಬಾರದಂತೆ ಕೂಗುತ್ತಾ ಕಾವಲು ನಿಂತವನೂ ಅವನೇ.

ನೀತಿ: ವಿದ್ಯೆಯ ಹೆಸರಿನಲ್ಲಿ ಹೊಟ್ಟೆ ಹೊರೆಯಲು ಹೊರಟವನು ತಾನೇ ಮುಳುಗುತ್ತಾನೆ, ಕಲಿಯಲು ಬಂದವನು ಕಲಿಸುವವರ ಮನೆಯನ್ನು ಮೊದಲು ಕಾಯಬೇಕು.

ಆ ಮರಿಗಳಿಗೆ ದಾರಿ ತೋರಿಸಿದ ದೇವರು, ಈ ಕಥೆ ಕೇಳಿದ ನಿಮ್ಮೆಲ್ಲರಿಗೂ ದಾರಿ ತೋರಿಸಲಿ. ನಿಮ್ಮ ಮನೆಯ ಪುಟ್ಟ ಜೀವಗಳೆಲ್ಲ ಕ್ಷೇಮವಾಗಿ ದಡ ಕಾಣಲಿ.