ನೀಲವ್ವನ ಗಾಲಿಮನೆ

ಗಾಲಿಯ ಮೇಲೆ ಬಂದ ಮನೆಯನ್ನು ಅಲುಗಾಡದಂತೆ ನೆಲಕ್ಕೆ ಊರಿ ನಿಲ್ಲಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಸೀಮೆಯಲ್ಲಿ ಇವತ್ತಿಗೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವತನಕ ಕಾಯುವಷ್ಟು ಪುರುಸೊತ್ತು ನನಗಿಲ್ಲ.

ಕಲಿಸಿದವರು ಅಡಿವೆಪ್ಪಜ್ಜ. ಅವರಿಗೆ ಆ ಕೆಲಸ ಬರುತ್ತಿರಲಿಲ್ಲ.

ಮಲಪ್ರಭೆಯ ದಂಡೆಯಲ್ಲಿ ಅಜ್ಜನ ಆಶ್ರಮ. ಆಶ್ರಮ ಅಂದರೆ ನಾಲ್ಕು ಗುಡಿಸಲು, ಒಂದು ಬೇವಿನ ಮರ, ಎರಡು ಎಮ್ಮೆ. ನಾನು ಅಲ್ಲಿ ಮೂರು ವರ್ಷ ಇದ್ದೆ. ಈಗಲೂ ಮುಂಜಾನೆ ಎಚ್ಚರವಾದ ಕೂಡಲೇ ನನ್ನ ಕಿವಿ ನೀಲವ್ವ ರೊಟ್ಟಿ ಬಡಿಯುವ ಸಪ್ಪಳವನ್ನು ಹುಡುಕುತ್ತದೆ.

ನೀಲವ್ವ ಮೂವತ್ತೊಂದು ವರ್ಷ ಅಲ್ಲಿಯ ಒಲೆ ನೋಡಿಕೊಂಡವಳು. ನಾನಿದ್ದ ಎರಡನೆಯ ವರ್ಷ ಹೊಳೆಗಿಳಿಯುವ ಪಾವಟಿಗೆಯ ಮೇಲೆ ಕೊಡ ಹೊತ್ತು ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಡಾಕ್ಟರು ಒಳಗೆ ರಾಡು ಹಾಕಿ, ಆರು ವಾರ ಮೈಗೆ ಸ್ವಲ್ಪವೂ ಕುಲುಕು ಬೀಳಬಾರದು ಎಂದು ಹೇಳಿ ಕಳಿಸಿದರು.

ಗುಡಿಸಲಿನಲ್ಲಿ ಮಂಚವಿಲ್ಲ, ಹತ್ತಿರದಲ್ಲಿ ಪಾಯಖಾನೆಯಿಲ್ಲ. ಭಕ್ತರೊಬ್ಬರು ತಾವು ಊರೂರು ತಿರುಗಲು ಮಾಡಿಸಿಕೊಂಡಿದ್ದ ಗಾಲಿಮನೆಯನ್ನು ಕಳಿಸಿಕೊಟ್ಟರು. ಒಳಗೆ ಮಂಚ, ನಲ್ಲಿ, ಪಕ್ಕದಲ್ಲೇ ಪಾಯಖಾನೆ. ಕೆಳಗೆ ಆಚೆ ಎರಡು ಗಾಲಿ, ಈಚೆ ಎರಡು ಗಾಲಿ. ಮುಂಭಾಗ ಹಕ್ಕಿಯ ಕೊಕ್ಕಿನಂತೆ ಚಾಚಿ, ಲಾರಿಯ ಬೆನ್ನ ಮೇಲೆ ಕೂತು ಬಂದಿತ್ತು. ಡ್ರೈವರ್ ಅದನ್ನು ಬೇವಿನ ಮರದಡಿ ನಿಲ್ಲಿಸಿದ. ಮುಂದಿನ ಎರಡು ಕಬ್ಬಿಣದ ಕಾಲು ಇಳಿಸಿದ. ಕೊಕ್ಕಿನ ಕೆಳಗಿಂದ ಲಾರಿ ಬಿಡಿಸಿಕೊಂಡು ಹೋದ.

ಮನೆ ಬಂತು. ನಿಲ್ಲಲಿಲ್ಲ.

ಯಾರಾದರೂ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಹೊಳೆಯೊಳಗಿನ ಹರಿಗೋಲಿನಂತೆ ಇಡೀ ಮನೆ ತೂಗುತ್ತಿತ್ತು. ನೀಲವ್ವ ಸೆರಗು ಕಚ್ಚಿಕೊಂಡು ನೋವು ನುಂಗುತ್ತಿದ್ದಳು. ಯಾವಾಗ ಯಾರು ಹತ್ತುತ್ತಾರೋ ಎಂಬ ಅಂಜಿಕೆಯಲ್ಲಿ ನಿದ್ದೆಯನ್ನೇ ಬಿಟ್ಟಳು.

ಗುರುವಾರ ಅವಳ ಅಣ್ಣನ ಮಗ ಬಸಲಿಂಗ ನೋಡಲು ಬಂದ. ಅವನು ಹತ್ತುತ್ತಿದ್ದಂತೆ ಅತ್ತೆಯ ಮುಖ ಕಿವುಚಿದ್ದು ಅವನಿಗೇ ಕಂಡಿತು. ಕೆಳಗಿಳಿದು ಅಜ್ಜನ ಮುಂದೆ ನಿಂತ.

"ಸೋಮವಾರ ಜೀಪ್ ತರ್ತೀನ್ರಿ ಅಜ್ಜಾರ. ಅತ್ತೀನ ನಮ್ಮ ಊರಿಗೆ ಕರ್ಕೊಂಡು ಹೋಗ್ತೀನಿ. ಇದು ಮನಿ ಅಲ್ಲ, ಜೋಕಾಲಿ."

ಅಜ್ಜ ತಲೆಯಾಡಿಸಿದರು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಬಸಲಿಂಗ ಹೋದ ಮೇಲೆ ನೀಲವ್ವ ಕಿಟಕಿಯಿಂದ ಅಜ್ಜನನ್ನು ಕರೆದಳು.

"ಅವರ ಮನ್ಯಾಗ ಒಲಿ ನೋಡಾಕ ಸೊಸಿ ಅದಾಳ್ರಿ. ನಾ ಹೋದ್ರ ಬೀಗಿತ್ತಿ ಆಗ್ತೀನಿ. ಕುಂತು ಉಂಡು ನನಗ ರೂಢಿ ಇಲ್ಲ. ಅಲ್ಲಿಗೆ ಹೋದ್ರ ನಾ ತಿರುಗಿ ಬರಂಗಿಲ್ಲ."

ಅಜ್ಜ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ನೀಲವ್ವಾ, ನಾ ಅದೀನಿ. ಸೋಮವಾರದೊಳಗ ಈ ಮನಿ ಬಂಡೆಗಲ್ಲಿನಂಗ ನಿಂದರ್ತೈತಿ."

"ಹೆಂಗ ನಿಂದರಸ್ತಿ?" ಅಂದರು ಅಜ್ಜ.

"ನನ್ನ ತೋಳು ನೋಡ್ರಿ ಅಜ್ಜಾರ. ಹನ್ನೆರಡು ಹಳ್ಳಿ ಗರಡ್ಯಾಗ ನನ್ನ ಕೆಡವಿದಾಂವ ಇನ್ನೂ ಹುಟ್ಟಿಲ್ಲ."

"ಹೌದೇನು," ಅಂದರು ಅಜ್ಜ. "ಅಂಥವರಿಗೆ ಕಲಸೂದು ಬಾಳ ತ್ರಾಸು."

ಶುಕ್ರವಾರ ಕೆಲಸಕ್ಕೆ ಇಳಿದೆ. ಮನೆಯ ಹಿಂದಿನ ಮೂಲೆಗಳಲ್ಲಿ ಇನ್ನೆರಡು ಕಬ್ಬಿಣದ ಕಾಲು ಮಡಚಿಕೊಂಡಿದ್ದವು. ಡ್ರೈವರ್ ಅವನ್ನು ಇಳಿಸಿಯೇ ಇರಲಿಲ್ಲ. ನಾನು ಇಳಿಸಿದೆ. ನಾಲ್ಕೂ ಕಾಲಿನ ಹ್ಯಾಂಡಲ್ ಹಿಡಿದು, ರಟ್ಟೆಯ ನರ ಎದ್ದು ನಿಲ್ಲುವತನಕ ತಿರುಗಿಸಿದೆ. ಇನ್ನೂ ತಿರುಗಿಸಿದೆ.

ಒಳಗಿಂದ ನೀಲವ್ವ ಕೂಗಿದಳು. "ಭರಮ್ಯಾ, ನನ್ನ ಸೀದಾ ಕೈಲಾಸಕ್ಕ ಕಳಸ್ತೀಯೇನು?"

"ತಡಿ ನೀಲವ್ವಾ. ಆತು."

ಅಜ್ಜನನ್ನು ಕರೆದು ತೋರಿಸಿದೆ.

"ನೋಡ್ರಿ. ಗಾಲಿ ನಾಕೂ ನೆಲ ಬಿಟ್ಟಾವು. ಒಂದು ಹಾಳಿ ದಾಟಸ್ರಿ ಕೆಳಗ, ದಾಟತೈತಿ."

ಅಜ್ಜ ಕೂತು ನೋಡಿದರು. ಎದ್ದರು.

"ಗರಡ್ಯಾಗ ಎದರಾಳಿ ಬಂದಾಗ ಹೆಂಗ ನಿಂದರ್ತಿ?"

ತೋರಿಸಿದೆ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಪಾದವಿಡೀ ನೆಲಕ್ಕೆ ಊರಿ. ಅಜ್ಜ ಎರಡೂ ಕೈಯಿಂದ ದೂಡಿದರು. ನಾನು ಕದಲಲಿಲ್ಲ.

"ಈಗ ತುದಿಗಾಲ ಮ್ಯಾಲ ನಿಂದರು."

ನಿಂತೆ. ಅಜ್ಜ ಒಂದೇ ಬೆರಳು ನನ್ನ ಎದೆಗೆ ತಾಗಿಸಿದರು. ಹಿಂದಕ್ಕೆ ಹೋಗಿ ಎಮ್ಮೆ ಮೇವು ತಿನ್ನುವ ಗ್ವಾದಲಿಯಲ್ಲಿ ಕೂತೆ.

ಅಜ್ಜ ಈಗ ಇಲ್ಲ. ಗುಡಿಸಲುಗಳನ್ನು ಹೊಳೆ ಒಯ್ದಿದೆ. ಆ ಬೆರಳು ಮಾತ್ರ ಒಮ್ಮೊಮ್ಮೆ ಎದೆಯ ಮೇಲೆ ಇದ್ದಂತೆಯೇ ಅನಿಸುತ್ತದೆ.

"ಹಿಂದಿನ ಎರಡು ಕಾಲು ಅದಾವಲ್ಲ, ಅವು ಹೊರಾಕ ಕೊಟ್ಟದ್ದಲ್ಲ," ಅಂದರು ಅಜ್ಜ, ನನ್ನ ಕೈ ಹಿಡಿದು ಎಬ್ಬಿಸುತ್ತ. "ಹಿಡ್ಕೊಳ್ಳಾಕ ಕೊಟ್ಟದ್ದು."

"ನಿಮಗ ಹೆಂಗ ಗೊತ್ತಾತ್ರಿ?"

"ಗೊತ್ತಿಲ್ಲ. ಅವು ಎಷ್ಟು ಸಣ್ಣ ಅದಾವು ನೋಡು."

ಗಾಲಿಗಳು ಮತ್ತೆ ನೆಲ ಮುಟ್ಟಿ ಭಾರ ಹೊರುವತನಕ ಇಳಿಸಿದೆ. ಹಿಂದಿನ ಕಾಲುಗಳನ್ನು ನೆಲಕ್ಕೆ ತಾಗಿಸಿ, ಒಂದು ಸುತ್ತು ಬಿಗಿದು, ಅಷ್ಟಕ್ಕೇ ಬಿಟ್ಟೆ. ಎಲ್ಲ ಕಾಲಿನ ಅಡಿಗೂ ಅಗಲ ಹಲಗೆ ಕೊಟ್ಟೆ, ಎರೆ ಮಣ್ಣಿನಲ್ಲಿ ಇಳಿಯಬಾರದು ಅಂತ. ಹಲಗೆಯ ಉಪಾಯ ನನ್ನದು. ಅಜ್ಜ ಹೇಳಿಕೊಟ್ಟದ್ದಲ್ಲ.

ತೂಗುವುದು ಅರ್ಧ ಕಡಿಮೆಯಾಯಿತು. ಆದರೆ ಮನೆ ಹಿಂದೆ ಮುಂದೆ ಸರಿಯುತ್ತಿತ್ತು. ಬಾಗಿಲು ತೆಗೆದರೆ ಮುಂದೆ, ಹಾಕಿದರೆ ಹಿಂದೆ.

ಶನಿವಾರ ಹೊಳೆಗೆ ಇಳಿದು ಕಲ್ಲು ಹೊತ್ತು ತಂದೆ. ಇಬ್ಬರು ಹೊರುವ ಕಲ್ಲನ್ನು ಒಬ್ಬನೇ ಹೊತ್ತೆ, ನಾಲ್ಕು ಸಲ. ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದ, ಕುಂಬಳಕಾಯಿಯಂಥ ಕಲ್ಲುಗಳು. ಗಾಲಿಗೆ ಒಂದೊಂದು ಅಡ್ಡ ಇಟ್ಟೆ.

ಅಜ್ಜ ಬಂದರು. ಕಲ್ಲಿನ ಮೇಲೆ ಕೈಯಾಡಿಸಿದರು.

"ಇಷ್ಟು ದೊಡ್ಡದು ಯಾಕ ತಂದಿ?"

"ನಾ ಒಬ್ಬನ ಹೊತ್ತೀನ್ರಿ."

"ಯಾರು ಹೊತ್ತರು ಅಂತ ಗಾಲಿ ಕೇಳಿತ್ತೇನು?"

ಅಂಗೈಯಿಂದ ಕಲ್ಲನ್ನು ಮೆಲ್ಲಗೆ ದೂಡಿದರು. ಗುಂಡುಕಲ್ಲು ಹೊರಳಿ ನಿಂತಿತು. ಗಾಲಿ ಅದರ ಹಿಂದೆಯೇ ಎರಡು ಬೆರಳು ಸರಿಯಿತು. ಒಳಗಿಂದ ನೀಲವ್ವ "ಶಿವನೇ" ಅಂದಳು.

ಆ ದನಿ ಕೇಳಿ ಅಜ್ಜ ಕಣ್ಣು ಮುಚ್ಚಿಕೊಂಡರು. ತಪ್ಪು ಮಾಡಿದವರು ತಾವು ಎಂಬಂತೆ ಕಿಟಕಿಯ ಹತ್ತಿರ ಹೋಗಿ, "ನಂದ ತಪ್ಪು ನೀಲವ್ವ, ನಾನ ದೂಡಿದ್ದು" ಅಂದರು.

ನಾನು ಆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು, ಜಾಲಿಯ ಟೊಂಗೆ ಕಡಿದು ಎಂಟು ಬೆಣೆ ಕೆತ್ತಿದೆ. ಅಂಗೈಯಗಲ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪ್ರತಿ ಗಾಲಿಗೂ ಹಿಂದೊಂದು ಮುಂದೊಂದು, ಹಗುರಾಗಿ ಬಡಿದು ಕೂಡಿಸಿದೆ. ಒಂದು ಬೆಣೆಯೂ ನನ್ನ ಕೈಗೆ ಭಾರವೆನಿಸಲಿಲ್ಲ. ಅದು ನನಗೆ ಸ್ವಲ್ಪ ಅವಮಾನವೇ.

ಸರಿಯುವುದು ನಿಂತಿತು.

ಆದರೂ ಯಾರಾದರೂ ಒಳಗೆ ನಡೆದರೆ ಎಲ್ಲಿಂದಲೋ ಒಂದು ನಡುಕ ಬರುತ್ತಿತ್ತು. ಭಾನುವಾರ ಮುಂಜಾನೆಯಿಂದ ಮನೆಯನ್ನು ಹತ್ತು ಸುತ್ತು ಸುತ್ತಿದೆ. ಎಲ್ಲ ಕಾಲು ಅಲುಗಾಡಿಸಿ ನೋಡಿದೆ, ಎಲ್ಲವೂ ಗಟ್ಟಿ. ನಾಳೆ ಜೀಪು ಬರುತ್ತದೆ.

"ಅಜ್ಜಾರ, ನನ್ನ ಕಡೆಯಿಂದ ಏನೂ ತಪ್ಪಿಲ್ಲ. ಮನಿ ಮಾಡಿದಾಂವಂದ ತಪ್ಪು."

"ಒಳಗ ಬಾ."

ನೀಲವ್ವನ ಮಂಚದ ಪಕ್ಕ ನೆಲ ತೋರಿಸಿದರು. "ಮಲಕ್ಕೋ."

ಮಲಗಿದೆ.

"ಅಯ್ಯ, ಇವನ್ಯಾಕ ಇಲ್ಲಿ?" ಅಂದಳು ನೀಲವ್ವ. "ಇವನ ಸೊಂಟಕ್ಕ ಏನಾತು?"

"ಮೂರು ದಿನ ಹೊರಗ ನಿಂತು ನೋಡ್ಯಾನ," ಅಂದರು ಅಜ್ಜ. "ಕಣ್ಣು ಮುಚ್ಚು ತಮ್ಮಾ. ನಾ ನಡೀತೀನಿ. ಎಲ್ಲಿ ಅಲುಗಾಡತೈತಿ ಹೇಳು."

ನಡೆದರು.

"ಎಲ್ಲಾ ಕಡೆ," ಅಂದೆ.

"ಎಲ್ಲಾ ಕಡೆ ಅನ್ನಾಂವ ಎಲ್ಲೂ ನೋಡಿಲ್ಲ."

ಮತ್ತೆ ನಡೆದರು. ಆ ಎಂಬತ್ತರ ಮುದುಕ ಅತ್ತಿಂದಿತ್ತ, ಇತ್ತಿಂದತ್ತ, ನನಗಾಗಿ. ಬೆನ್ನು ನೆಲಕ್ಕೆ ಹತ್ತಿದಂತೆ ಒಂದೊಂದೇ ತಿಳಿಯತೊಡಗಿತು. ಅಜ್ಜ ಹಿಂದೆ ಹೋದರೆ ಏನಿಲ್ಲ. ನಡುವೆ ಬಂದರೆ ಏನಿಲ್ಲ. ತಲೆಯ ಕಡೆ, ಮನೆಯ ಮುಂಭಾಗಕ್ಕೆ, ಬಂದರೆ ಮನೆ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಆಮೇಲೆ ಮುಂದಕ್ಕೊಂದು ಸಣ್ಣ ತೂಗಾಟ. ಪಕ್ಕದಲ್ಲಿ ನೀಲವ್ವನ ಉಸಿರು ಪ್ರತಿ ಸಲವೂ ಅಲ್ಲಿಯೇ ಕಟ್ಟಿ, ಬಿಡುತ್ತಿತ್ತು. ಮೂರು ದಿನದಿಂದ ಅವಳಿಗೆ ಇದು ಗೊತ್ತಿತ್ತು. ನಾನು ಅವಳನ್ನು ಕೇಳಿರಲಿಲ್ಲ.

"ಮುಂದಿನ ಕಾಲ್ರಿ," ಅಂದೆ. "ಅವು ಗಟ್ಟಿ ಅದಾವು, ಆದರ ಉದ್ದ ಆಗ್ಯಾವು. ಮತ್ತ ಆ ಕೊಕ್ಕು, ಲಾರಿ ಹೋದ ಮ್ಯಾಲ ಅದಕ್ಕ ಆಸರಾನ ಇಲ್ಲ."

"ನಂಗೇನ್ ಗೊತ್ತು," ಅಂದರು ಅಜ್ಜ. "ನಾ ಬರೇ ನಡದೆ."

ಮುಂದೆ ನೆಲ ಹೊಳೆಯ ಕಡೆಗೆ ಇಳಿಜಾರು. ಅದಕ್ಕೇ ಡ್ರೈವರ್ ಆ ಎರಡು ಕಾಲನ್ನು ಮೊಳದುದ್ದ ಹೊರಗೆಳೆದು ಹೋಗಿದ್ದ. ಅವನ್ನು ಗಿಡ್ಡ ಮಾಡಬೇಕು, ಅದೂ ಒಳಗೆ ಮುರಿದ ಎಲುಬಿನವಳು ಮಲಗಿರುವಾಗ.

ಕೊಕ್ಕಿನ ಕೆಳಗೆ ಜಾಲಿಯ ಮೂರು ಬಡ್ಡೆ ಕೂಡಿಸಿ ಮುಕ್ಕಾಲಿಯಂತೆ ಆಸರೆಯ ಊರೆ ಕೊಟ್ಟೆ. ಭಾರ ಅದರ ಮೇಲೆ ಬಂದ ಮೇಲೆ, ಒಂದು ಕಾಲನ್ನು ಮೇಲಕ್ಕೆಳೆದು ಕೆಳಗೆ ಹಲಗೆಯ ಕಟ್ಟೆ ಪೇರಿಸಿದೆ. ಆಮೇಲೆ ಇನ್ನೊಂದು. ಹ್ಯಾಂಡಲ್ ಒಂದು ಸುತ್ತು ತಿರುಗಿಸುವುದು, ಒಂದು ಉಸಿರು ಬಿಡುವುದು, ಕಿಟಕಿಯ ಕಡೆ ಕಿವಿಗೊಡುವುದು, ಮತ್ತೊಂದು ಸುತ್ತು. ಹಾಗೆ ಕೆಲಸ ಮಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಭರಮ್ಯಾ," ನೀಲವ್ವ ಕರೆದಳು. "ಉಣ್ಣಾಕ ಹೋಗಿಯೇನು?"

"ಇಲ್ಲೇ ಅದೀನಿ ನೀಲವ್ವಾ. ಕೆಲಸ ಮಾಡಾಕತ್ತೀನಿ."

"ಸುಳ್ಳು ಹೇಳಬ್ಯಾಡ. ನೀ ಕೆಲಸ ಮಾಡಿದ್ರ ಹೊಳಿ ಆಚೆ ದಂಡಿಗೆ ಕೇಳ್ತೈತಿ."

ಹೊತ್ತು ಇಳಿಯುವ ಮುಂಚೆ ಮೊಳದುದ್ದದ ಕಾಲು ಗೇಣಾಗಿತ್ತು. ಕಾಲಿನಿಂದ ಕಾಲಿಗೆ ಅಡ್ಡಮೂಲೆಯಾಗಿ ಎರಡು ಪೈಪು ಬಿಗಿದೆ. ಕೈ ತೊಳೆದುಕೊಂಡು ಹತ್ತಿದೆ, ಒಳಗೆ ಈ ತುದಿಯಿಂದ ಆ ತುದಿಗೆ ನಡೆದೆ. ನೀಲವ್ವನ ಉಸಿರು ಎಲ್ಲಿಯೂ ಕಟ್ಟಲಿಲ್ಲ.

"ಯಾಕ ನಿಂತಿ? ನಡಿ, ನೋಡೋಣು," ಅಂದಳು.

"ನಡದೆ ನೀಲವ್ವಾ."

ಅವಳು ನನ್ನನ್ನೇ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಬಸಲಿಂಗಗ ಉಪ್ಪಿಟ್ಟು ಮಾಡಾಕ ಯಾರಿಗರ ಬರ್ತೈತೇನು ಇಲ್ಲಿ, ಕೇಳು" ಅಂದಳು. ಅಷ್ಟು ಒಳ್ಳೆಯ ಮಾತನ್ನು ನನಗೆ ಆಮೇಲೆ ಯಾರೂ ಹೇಳಿಲ್ಲ.

ಸೋಮವಾರ ಮಧ್ಯಾಹ್ನ ಬಸಲಿಂಗ ಜೀಪು ತಂದ. ಹಿಂದೆ ಗಾದಿ ಹಾಸಿದ್ದ, ಅತ್ತೆಯನ್ನು ಮಲಗಿಸಲು. ಅಜ್ಜ ಬೇವಿನ ನೆರಳಲ್ಲಿ ಕೂತಿದ್ದವರು ತುಟಿಯ ಮೇಲೆ ಬೆರಳಿಟ್ಟು ಕಿಟಕಿ ತೋರಿಸಿದರು.

ಬಸಲಿಂಗ ಕಿಟಕಿಯಲ್ಲಿ ಇಣುಕಿದ. ನೀಲವ್ವ ಬಾಯಿ ತೆರೆದು ಮಲಗಿದ್ದಳು. ಸಣ್ಣಗೆ ಗೊರಕೆ. ಐದು ದಿನದ ನಿದ್ದೆ ಒಮ್ಮೆಲೇ ಬಂದಿತ್ತು.

ಅವನು ಬಹಳ ಹೊತ್ತು ಅಲ್ಲಿಯೇ ನಿಂತ. ಆಮೇಲೆ ಬಂದು ಅಜ್ಜನ ಪಕ್ಕ ಕೂತ. ಅಜ್ಜ ತಂಬಿಗೆ ಮುಂದಿಟ್ಟರು. ಅವನು ನೀರು ಕುಡಿದ. ಮತ್ತೆ ಕಿಟಕಿಯ ಕಡೆ ನೋಡಿದ.

"ಎಬ್ಬಸೂದು ಬ್ಯಾಡ್ರಿ," ಅಂದ. "ಎದ್ದ ಮ್ಯಾಲ ಹೇಳ್ರಿ, ಬಸಲಿಂಗ ಬಂದಿದ್ದ ಅಂತ. ಮುಂದಿನ ವಾರ ನೋಡಾಕ ಬರ್ತೀನಿ. ಬರೇ ನೋಡಾಕ."

ಗಾದಿಯನ್ನು ಸುರುಳಿ ಸುತ್ತತೊಡಗಿದ.

ಅವನು ಹೊರಟೇಬಿಟ್ಟ. ನನ್ನ ಬೆಣೆ ನೋಡಲಿಲ್ಲ, ಕಟ್ಟೆ ನೋಡಲಿಲ್ಲ, ಊರೆ ನೋಡಲಿಲ್ಲ. ಇದನ್ನೆಲ್ಲ ಯಾರು ಮಾಡಿದರು ಅಂತ ಒಂದು ಮಾತು ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಿಂದರ್ರಿ," ಅಂದೆ. "ಜೋಕಾಲಿ ಅಂದಿದ್ರಲ್ಲ. ಈಗ ನೋಡಿ ಹೋಗ್ರಿ. ನಾ ಒಳಗ ಹೋಗಿ ಕುಣದು ತೋರಸ್ತೀನಿ. ಒಂದು ಕೂದಲೆಳಿ ಅಲುಗಾಡಿದ್ರ ನನ್ನ ಹೆಸರು ಭರಮಪ್ಪ ಅಲ್ಲ."

ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

ಒಳಗೆ ಗೊರಕೆ ನಿಂತಿತು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಮತ್ತೆ ಮೆಲ್ಲಗೆ ಶುರುವಾಯಿತು.

ಅಜ್ಜ ಎದ್ದು ಬಂದಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಯಿ ತಂದು ಅಂದರು:

"ತಮ್ಮಾ, ಅಲುಗಾಡೂದು ಇನ್ನ ಒಂದ ಉಳದೈತಿ. ಅದನ್ನ ಮೆಟ್ಟಲ ಮ್ಯಾಲಿಂದ ಕೆಳಗ ಇಳಸು."