ನೀರಲ್ಲೇ ನಿಂತು ಬಾಡಿದ ಸೊಪ್ಪು

ತಿಪಟೂರಿನ ಸಾಹುಕಾರ್ ಗುರುಬಸಪ್ಪನವರು ಮಹಡಿಯ ಕೋಣೆಯಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಸುತ್ತಿದ್ದರು. ಮೇಲೆ ವಿದ್ಯುದ್ದೀಪ, ಕೆಳಗೆ ತೊಟ್ಟಿಯಲ್ಲಿ ಗೊಬ್ಬರದ ಉಪ್ಪು ಬೆರೆಸಿದ ನೀರು. ಬೇರುಗಳು ಆ ನೀರಿನಲ್ಲೇ. ಅವುಗಳನ್ನು ನೋಡಿಕೊಳ್ಳುವ ಆಳು ಚೌಡಮ್ಮ.

ಬೇಗ ಬೆಳೆಯಲೆಂದು ಸಾಹುಕಾರರು ಒಂದು ದಿನ ತಾವೇ ಆ ಉಪ್ಪನ್ನು ಎರಡರಷ್ಟು ಸುರಿದರು. ಮೂರನೆಯ ದಿನಕ್ಕೆ ಎಲೆಯ ತುದಿಗಳು ಸುಟ್ಟಂತಾದವು. ಗಿಡಗಳು ಸೋತು ಬಾಗಿದವು.

"ನೀರಲ್ಲೇ ನಿಂತ ಗಿಡ ಬಾಡುತ್ತದೇನೇ? ನಿನ್ನ ಕೈಗುಣವೇ ಕೆಟ್ಟದ್ದು. ಕೆಲಸ ಬಿಟ್ಟು ನಡಿ!" ಎಂದು ಸಾಹುಕಾರರು ಚೌಡಮ್ಮನ ಮೇಲೆ ಗುಡುಗಿದರು.

ಈ ಮಾತು ಊರಲ್ಲಿ ಹಬ್ಬಿದರೆ ಮುಂದೆ ಅವಳನ್ನು ಯಾರೂ ತೋಟದೊಳಗೆ ಬಿಟ್ಟುಕೊಳ್ಳರು. ಚೌಡಮ್ಮ ಅಳಲಿಲ್ಲ. "ಹೋಗ್ತೀನಿ ಸಾಹುಕಾರ್ರೇ. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಮಜ್ಜಿಗೆ ಕುಡೀರಿ" ಎಂದು ದೊಡ್ಡ ಲೋಟ ಕೊಟ್ಟಳು.

ಸಾಹುಕಾರರು ಗಟಗಟನೆ ಅರ್ಧ ಇಳಿಸಿ ಮುಖ ಕಿವುಚಿದರು. "ಥೂ! ಇದೇನೇ ಇಷ್ಟು ಉಪ್ಪು? ನೀರು ತಾ, ನೀರು!"

"ಲೋಟದ ತುಂಬ ನೀರು ಮಜ್ಜಿಗೆ ತಾನೇ ಇದ್ದದ್ದು? ಕುಡಿದೂ ಬಾಯಾರಿತೇ? ಬೇಗ ಬಲ ಬರಲಿ ಅಂತ ಉಪ್ಪು ಎರಡರಷ್ಟು ಹಾಕಿದೆ."

ಸಾಹುಕಾರರ ಕಣ್ಣು ಮೆಲ್ಲಗೆ ಗಿಡಗಳ ಕಡೆ ಹೊರಳಿತು. ಪಕ್ಕದಲ್ಲಿದ್ದ ಕುಡಿಯುವ ನೀರಿನ ಬಿಂದಿಗೆಗೆ ಕೈಚಾಚಿದರು. ಚೌಡಮ್ಮ ಅದನ್ನು ಸೊಂಟಕ್ಕೇರಿಸಿಕೊಂಡಳು.

"ಬಾಯಿಲ್ಲದ ಜೀವಗಳು ಮೂರು ದಿನದಿಂದ ಕೇಳ್ತಾ ಇವೆ. ಮೊದಲು ಅವಕ್ಕೆ. ತೊಟ್ಟಿ ಬರಿದು ಮಾಡಿ, ಬರೀ ನೀರು ಬಿಡಿ."

ಸಾಹುಕಾರರು ಪಂಚೆ ಎತ್ತಿ ಕಟ್ಟಿ ತಾವೇ ನಲ್ಲಿ ತಿರುಗಿಸಿದರು. ಹೊಸ ನೀರು ಬೇರು ಮುಟ್ಟುವವರೆಗೆ ಚೌಡಮ್ಮ ಬಿಂದಿಗೆ ಬಿಡಲಿಲ್ಲ. ಆಮೇಲೆ ಕೆಲಸವನ್ನೂ ಬಿಡಲಿಲ್ಲ.