ಕರಡಿಯ ಮೂಗು, ಮುಳ್ಳುಹಂದಿಯ ಕೊಳವೆ

ಮಕ್ಕಳೇ, ಜೇನುಗುಡ್ಡ ಎಂಬ ಗುಡ್ಡದ ಮೇಲೆ ಕರಡಿಗಳ ದೊಡ್ಡದೊಂದು ಬಳಗವಿತ್ತು. ಆ ಕಾಡಿನಲ್ಲಿ ಜೇನಿನ ಕಸುಬು ಅಂದರೆ ಅವರದೇ. ಯಾವ ಮರದ ಜೇನು ಯಾವಾಗ ಬಲಿಯುತ್ತದೆ, ಯಾವ ಹುಳ ಕಚ್ಚುತ್ತದೆ, ಯಾವುದು ಸುಮ್ಮನೆ ಗುಂಯ್ ಅಂದು ಹೆದರಿಸುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ.

ಅವರಲ್ಲೊಂದು ಪದ್ಧತಿ. ಪಂಚಾಯಿತಿ ಕೂತಾಗ ಯಾರ ಮೂಗು ಹೆಚ್ಚು ಊದಿದೆಯೋ ಅವರಿಗೆ ಎತ್ತರದ ಕಲ್ಲು. ಹೆಚ್ಚು ಕಚ್ಚಿಸಿಕೊಂಡವನೇ ಹೆಚ್ಚು ಅನುಭವಿ ಎಂದು ಲೆಕ್ಕ. ಎಲ್ಲರಿಗಿಂತ ಮೇಲೆ ಕೂರುತ್ತಿದ್ದ ಜಾಂಬಜ್ಜನ ಮೂಗು ಗುಂಡು ಬದನೆಕಾಯಿಯಷ್ಟಿತ್ತು. ನುಣ್ಣನೆ ಮೂಗಿನ ಹುಡುಗರು ನೆಲದ ಮೇಲೆ ಕೂತು, "ನಮಗೂ ಊದುವ ಕಾಲ ಬರುತ್ತೆ" ಎಂದು ಕಾಯುತ್ತಿದ್ದರು.

ನಗಬೇಡಿ. ಇದಕ್ಕಿಂತ ವಿಚಿತ್ರ ಕಾರಣಕ್ಕೆ ಮೇಲೆ ಕೂತವರು ಮನುಷ್ಯರಲ್ಲೂ ಇದ್ದಾರೆ.

ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ, ಗಿಲಕಪ್ಪ ಎಂಬ ಮುಳ್ಳುಹಂದಿ ಹೆಂಡತಿ ಸೂಜವ್ವ ಮತ್ತು ಎರಡು ಮರಿಗಳ ಜೊತೆ ಇದ್ದ. ಆ ವರ್ಷ ಹಳ್ಳ ಉಕ್ಕಿ ದಂಡೆಯ ಗೆಡ್ಡೆಗೆಣಸೆಲ್ಲ ಕೊಳೆತುಹೋಯಿತು. ಮರಿಗಳು ಹಸಿದು ಬಿಲದ ಗೋಡೆ ಕೆರೆಯತೊಡಗಿದವು. ಇನ್ನು ಗೆಣಸು ಉಳಿದಿದ್ದು ಮೇಲೆ, ಕರಡಿಗಳ ಇಳಿಜಾರಿನಲ್ಲಿ ಮಾತ್ರ. ಅಲ್ಲಿ ಹೊರಗಿನವರು ಅಗೆಯುವಂತಿರಲಿಲ್ಲ.

ಆದರೆ ಗಿಲಕಪ್ಪ ಕೈಕಟ್ಟಿ ಕೂರುವವನಲ್ಲ. ಮುಳ್ಳುಹಂದಿಯ ಬಾಲದ ತುದಿಯಲ್ಲಿ ಟೊಳ್ಳು ಮುಳ್ಳುಗಳಿರುತ್ತವೆ. ನಡೆದರೆ ಗಿಲಗಿಲ ಸದ್ದು ಮಾಡುತ್ತವೆ. ಅವನು ಉದುರಿದ ಮುಳ್ಳುಗಳನ್ನು ಆರಿಸಿ, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ, ಸಂದಿಗೆ ಮರದ ಅಂಟು ಮೆತ್ತಿ ಉದ್ದನೆಯ ಕೊಳವೆ ಮಾಡಿದ.

"ನೋಡೇ, ಇದನ್ನ ಜೇನಿಗೆ ಚುಚ್ಚಿ ದೂರದಿಂದ ಹೀರಬಹುದು. ಒಂದು ಹುಳಾನೂ ಮೂಗಿನ ಹತ್ತಿರ ಬರಲ್ಲ. ಕರಡಿಗಳಿಗೆ ಇದನ್ನ ಕೊಟ್ಟು ಗೆಣಸು ಅಗೆಯೋ ಹಕ್ಕು ಕೇಳ್ತೀನಿ. ಕುಣಿದುಕೊಂಡು ಒಪ್ಪುತ್ತಾರೆ!"

"ಅವರನ್ನ ಒಂದು ಮಾತು ಕೇಳಿದ್ರಾ?" ಅಂದಳು ಸೂಜವ್ವ.

"ಕೇಳೋದೇನಿದೆ? ಯಾರಿಗಾದರೂ ಕಚ್ಚಿಸಿಕೊಳ್ಳೋ ಆಸೆ ಇರುತ್ತಾ?"

ಸರಕು ಒಳ್ಳೆಯದೇ. ಕೊಳ್ಳುವವನ ತಲೆಯಲ್ಲಿ ಏನಿದೆ ಎಂದು ಮಾರುವವನೇ ತೀರ್ಮಾನ ಮಾಡಿಬಿಟ್ಟದ್ದು ಮಾತ್ರ ಕೆಟ್ಟದ್ದು.

ಗಿಲಕಪ್ಪ ಪಂಚಾಯಿತಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. "ಕರಡಿ ಮಹನೀಯರೇ! ನಿಮ್ಮ ಮೂಗುಗಳನ್ನು ಒಮ್ಮೆ ನೋಡಿಕೊಳ್ಳಿ. ಅಯ್ಯೋ, ಏನು ಗತಿ! ಹಲಸಿನಕಾಯಿ ಯಾವುದು, ಮೂಗು ಯಾವುದು ಗೊತ್ತಾಗಲ್ಲ. ತಲೆತಲಾಂತರದಿಂದ ಜೇನು ತಿಂದರೂ ತಿನ್ನೋ ಉಪಾಯ ನಿಮಗೆ ಹೊಳೆಯಲೇ ಇಲ್ಲವಲ್ಲ! ಪರವಾಗಿಲ್ಲ, ನಾನು ಬಂದಿದ್ದೀನಿ."

ಕರಡಿಗಳು ಮುಖ ಮುಖ ನೋಡಿಕೊಂಡರು. ಅದನ್ನು ಮೆಚ್ಚುಗೆ ಅಂದುಕೊಂಡು ಅವನು ಮುಂದುವರಿಸಿದ. "ಈ ಕೊಳವೆ ಹಿಡಿದರೆ ಎಲ್ಲರ ಮೂಗೂ ಮರಿಗಳ ಮೂಗಿನ ಹಾಗೆ ನುಣ್ಣಗಿರುತ್ತೆ!"

ಜಾಂಬಜ್ಜ ಕಲ್ಲಿನಿಂದ ಮೆಲ್ಲಗೆ ಕೆಳಗಿಳಿದ. "ಮರಿ, ಈ ಮೂಗು ಹೀಗಾಗೋಕೆ ನನ್ನ ಆಯುಷ್ಯವೇ ಹಿಡೀತು. ನೀನು ಒಂದು ಕಡ್ಡಿ ತಂದು ಇದನ್ನ ಅಳಿಸಿಹಾಕ್ತೀಯಾ?"

"ಎಲ್ಲರ ಮೂಗೂ ಒಂದೇ ಥರ ಆದರೆ ಮೇಲಿನ ಕಲ್ಲಿನ ಮೇಲೆ ಯಾರು ಕೂರೋದು? ನಿಮ್ಮಪ್ಪನಾ?" ಎಂದಳು ಪಕ್ಕದ ಕಲ್ಲಿನ ಕರಿಯಕ್ಕ. ಅವಳ ಮೂಗು ಊತದಲ್ಲಿ ಎರಡನೆಯದು.

ಮುಳ್ಳುಹಂದಿಯನ್ನು ಒದ್ದು ಓಡಿಸುವುದು ಸುಲಭವಲ್ಲ. ಒದ್ದವನ ಕಾಲೇ ಹೋಗುತ್ತದೆ. ಕರಡಿಗಳು ಕಸುಬು ಬಲ್ಲವರು. ಒಂದು ಒಣದಿಮ್ಮಿ ತಂದು ಅದರಿಂದ ದೂಡಿದರು. ಗಿಲಕಪ್ಪ ಗುಡ್ಡದ ತುದಿಯಿಂದ ಬುಡದವರೆಗೆ ಗಿಲಗಿಲ ಉರುಳಿದ.

ಬಿಲದ ಬಾಗಿಲಲ್ಲಿ ಸೂಜವ್ವ ಕಾಯುತ್ತಿದ್ದಳು. ಗಂಡನ ಮೈಗೆ ಸಿಕ್ಕಿದ್ದ ತರಗೆಲೆ ಕೀಳುತ್ತಾ ಕೇಳಿದಳು, "ಒಪ್ಪಿದ್ರಾ?"

"ದಡ್ಡರು! ಅಪ್ಪಟ ದಡ್ಡರು! ಒಳ್ಳೇದು ಹೇಳಿದರೆ ಅರ್ಥ ಆಗಲ್ಲ."

"ನನ್ನನ್ನ ಕೇಳೋಕೆ ಬಂದಾಗ ನಮ್ಮಪ್ಪನ ಮುಂದೆ ಹೀಗೇ ಅಂದ್ರಾ? 'ನಿಮ್ಮ ಮಗಳ ಮುಖ ನೋಡಿ, ಏನು ಗತಿ, ಪರವಾಗಿಲ್ಲ ನಾನು ಬಂದಿದ್ದೀನಿ' ಅಂತ?"

"ಛೆ, ಹಾಗಂದಿದ್ದರೆ ನಿಮ್ಮಪ್ಪ ಚುಚ್ಚಿಬಿಡ್ತಿದ್ದ."

"ಹಾಗಾದರೆ ಕರಡಿಗಳು ನಮ್ಮಪ್ಪನಿಗಿಂತ ವಾಸಿ. ಬರೀ ಉರುಳಿಸಿದ್ದಾರೆ. ಎದ್ದು ಹೋಗಿ. ಈ ಸಲ ಬಾಯಿ ಮನೇಲಿ ಬಿಟ್ಟು, ಕಿವಿ ತಗೊಂಡು ಹೋಗಿ."

ಒಳಗೆ ಚಿಕ್ಕ ಮರಿ, "ಅವ್ವಾ, ಮಣ್ಣು ತಿನ್ನಬಹುದಾ?" ಎಂದು ಕೇಳಿತು. ಗಿಲಕಪ್ಪನಿಗೆ ಆಮೇಲೆ ಜಂಬ ನೆನಪಾಗಲಿಲ್ಲ. ಎದ್ದ.

ಕರಿಯಕ್ಕ ಹುತ್ತದ ಪಕ್ಕ ಗೆದ್ದಲು ಹೀರುತ್ತಿದ್ದಳು. ಅವನನ್ನು ಕಂಡು ಗುರ್ರೆಂದಳು. "ಮತ್ತೆ ಬಂದ್ಯಾ? ದಿಮ್ಮಿ ಅಲ್ಲೇ ಇದೆ."

"ಮಾರೋಕೆ ಬಂದಿಲ್ಲ ಅಕ್ಕಾ. ಕೇಳೋಕೆ ಬಂದೆ. ನಿಮ್ಮಂಥವರಿಗೂ ಸಿಗದ ಜೇನು ಅಂತ ಯಾವುದಾದರೂ ಇದೆಯಾ?"

ಕಸುಬುದಾರರ ಗುಣ ಇದು, ಮಕ್ಕಳೇ. ಬುದ್ಧಿ ಹೇಳಲು ಹೋದರೆ ಹೊಡೆಯುತ್ತಾರೆ. ಕಷ್ಟ ಕೇಳಿದರೆ ಕೂರಿಸಿಕೊಂಡು ಹೇಳುತ್ತಾರೆ. ಕರಿಯಕ್ಕ ಗೆದ್ದಲನ್ನೇ ಮರೆತಳು.

"ಇದೆಯಲ್ಲೋ. ಬಂಡೆಬಿರುಕಿನ ಜೇನು! ಅದರ ವಾಸನೆ ಬಂದರೆ ನಮ್ಮಜ್ಜಿ ಅತ್ತುಬಿಡ್ತಿದ್ದಳಂತೆ. ಬಿರುಕು ಕಿರಿದು, ಜೇನು ಆಳದಲ್ಲಿದೆ. ಯಾರ ಮೂತಿಯೂ ತೂರಲ್ಲ. ಜಾಂಬಜ್ಜ ಒಮ್ಮೆ ತೂರಿಸಿ, ತಲೆ ಸಿಕ್ಕಿಕೊಂಡು, ನಾವೆಲ್ಲ ಹಿಂಗಾಲು ಹಿಡಿದು ಎಳೆದಿದ್ದೆವು. ಅದನ್ನ ಯಾರೂ ಬಾಯಿ ಬಿಡಲ್ಲ. ನೀನೂ ಬಿಡಬೇಡ."

"ಬಿಡಲ್ಲ ಅಕ್ಕಾ," ಅಂದ ಗಿಲಕಪ್ಪ. ಬಿಡಲೂ ಇಲ್ಲ. ಮನೆಗೆ ಬಂದು ಬಿರುಕಿನ ಆಳಕ್ಕೆ ತಕ್ಕಂತೆ ಕೊಳವೆಗೆ ಇನ್ನಷ್ಟು ಮುಳ್ಳು ಸೇರಿಸಿದ.

ಮತ್ತೆ ಪಂಚಾಯಿತಿ ಕೂತಾಗ ಅವನು ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಹಿರಿಯರೇ, ಮೂಗಿನ ವಿಷಯ ನಾನು ಆಡಿದ್ದು ತಪ್ಪಾಯ್ತು. ಈ ಕೊಳವೆ ಮರದ ಜೇನಿಗಲ್ಲ, ಬಂಡೆಬಿರುಕಿನ ಜೇನಿಗೆ. ಅದು ಗಟ್ಟಿ ಜೇನು. ಎಳೆಯರ ಉಸಿರಿಗೆ ಬರಲ್ಲ, ಪಳಗಿದವರೇ ಹೀರಬೇಕು. ಅಜ್ಜಾ, ನೀವೇ ನೋಡಿ ಹೇಳಿ."

ಅಷ್ಟೇ. ಕೊಳವೆಯನ್ನು ಜಾಂಬಜ್ಜನ ಕೈಗೆ ಕೊಟ್ಟು ಹಿಂದೆ ಸರಿದು ನಿಂತ.

ಅಜ್ಜ ಕೊಳವೆಯನ್ನು ತಿರುಗಿಸಿ ನೋಡಿದ, ಮೂಸಿದ. ಬಂಡೆಯ ಹತ್ತಿರ ಹೋಗಿ, ತುದಿಯಷ್ಟೇ ಹೊರಗುಳಿಯುವಂತೆ ಬಿರುಕಿಗೆ ಇಳಿಸಿ ಬಾಯಿಟ್ಟು ಎಳೆದ. ಏನೂ ಬರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಗಿಲಕಪ್ಪನ ನಾಲಿಗೆ ತುದಿಗೆ ವಿವರಣೆಗಳ ಮೂಟೆಯೇ ಬಂದಿತ್ತು. ಹಲ್ಲು ಕಚ್ಚಿ ನುಂಗಿದ.

ಜಾಂಬಜ್ಜ ಹೊಟ್ಟೆ ಒಳಗೆಳೆದು ಇನ್ನೊಮ್ಮೆ ಹೀರಿದ. ಅವನ ಕಣ್ಣು ಮುಚ್ಚಿತು. ಗಲ್ಲದ ಮೇಲೆ ಚಿನ್ನದ ಬಣ್ಣದ ಹನಿಯೊಂದು ಇಳಿಯಿತು.

ಬಿರುಕಿನ ಹುಳಗಳು ಸುಮ್ಮನಿರುತ್ತವೆಯೇ? ಗುಂಪಾಗಿ ಹೊರಬಂದು ಅಜ್ಜನ ಮೂಗಿಗೇ ಮುತ್ತಿದವು. ಗಿಲಕಪ್ಪ ಸತ್ತೆ ಅಂದುಕೊಂಡ. ಅಜ್ಜ ಮಾತ್ರ ಹೀರುವುದನ್ನು ಬಿಡಲೇ ಇಲ್ಲ. ಕೊನೆಗೆ ತಿರುಗಿದಾಗ ಬದನೆಕಾಯಿ ಕುಂಬಳಕಾಯಿಯಾಗಿತ್ತು.

"ನೋಡ್ರೋ!" ಎಂದು ಅಜ್ಜ ಮೂಗೆತ್ತಿ ತೋರಿಸಿದ. "ಜೇನೂ ಬಂತು, ಮರ್ಯಾದೆಯೂ ಬಂತು!"

"ಸರಿ ಅಜ್ಜಾ, ಈಗ ಸರಿಯಿರಿ, ನನ್ನ ಸರದಿ," ಎಂದು ಕರಿಯಕ್ಕ ಕೊಳವೆ ಕಿತ್ತುಕೊಂಡಳು. ಅವಳ ಹಿಂದೆ ತಳ್ಳಾಟವೇ ಶುರುವಾಯಿತು.

"ಇಂಥವು ಇನ್ನೂ ಬೇಕು," ಅಂದ ಜಾಂಬಜ್ಜ. "ನಿನಗೇನು ಬೇಕು ಹೇಳು. ಉದ್ದ ಮಾಡಬೇಡ."

"ಇಳಿಜಾರಿನಲ್ಲಿ ಗೆಣಸು ಅಗೆಯೋಕೆ ಬಿಡಿ."

"ಗೆಣಸಾ? ಅಗೆದುಕೋ ಹೋಗು."

ಅಂದು ಸಂಜೆ ಮುಳ್ಳುಹಂದಿಯ ಸಂಸಾರ ಇಳಿಜಾರಿನಲ್ಲಿ ಮೂತಿಯೆಲ್ಲ ಮಣ್ಣು ಮಾಡಿಕೊಂಡು ಗೆಣಸು ತಿನ್ನುತ್ತಿತ್ತು. ಮೇಲಿನ ಕಲ್ಲಿನಿಂದ ಜಾಂಬಜ್ಜನ ದನಿ ಕೇಳಿಸಿತು. ಅವನು ಹುಡುಗರನ್ನು ಕೂರಿಸಿಕೊಂಡು ಹೇಳುತ್ತಿದ್ದ: "ಈ ಕೊಳವೆಯ ಯೋಚನೆ ನನಗೆ ಎಷ್ಟೋ ಹಿಂದೆಯೇ ಬಂದಿತ್ತು ಕಣ್ರೋ. ಮಾಡಿಕೊಡೋಕೆ ಒಬ್ಬ ಬೇಕಿತ್ತು, ಅಷ್ಟೇ."

ಗಿಲಕಪ್ಪನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. "ಏನು? ಇವನ ಯೋಚನೆಯಾ? ಈಗಲೇ ಹೋಗಿ..."

ಸೂಜವ್ವ ಅತ್ಯಂತ ದಪ್ಪನೆಯ ಗೆಣಸೊಂದನ್ನು ಆರಿಸಿ ಗಂಡನ ಬಾಯಿಗೆ ತುರುಕಿದಳು.

ನೀತಿ: ಕೊಳ್ಳುವವನನ್ನು ದಡ್ಡನೆಂದು ತೋರಿಸಿ ಯಾರೂ ಸರಕು ಮಾರಿಲ್ಲ, ಅವನ ಕೈಗೆ ಎಟುಕದ್ದು ಏನೆಂದು ಮೊದಲು ಕೇಳು, ಅದನ್ನು ಎಟುಕಿಸಿಕೊಟ್ಟು ಸುಮ್ಮನಿರು.